ಮನೆವಾರ್ತೆ: ಬೀಗ ಬೀಳದ ಒಗೆಯುವ ಯಂತ್ರ

ಬಟ್ಟೆ ಒಗೆಯುವ ಯಂತ್ರವು ಕೈಕೊಡುವ ಬಗೆಗಳು ಹಲವಾರು. ನೀರು ತುಂಬದಿರುವುದು, ತುಂಬಿದ ನೀರು ಹೊರಗೆ ಹೋಗದಿರುವುದು, ಹಿಂಡುವ ಹೊತ್ತಿನಲ್ಲಿ ನೆಲವೇ ನಡುಗುವಂತೆ ಕುಣಿಯುವುದು, ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ರೋಗಗಳು. ಮುಚ್ಚಳದ ಬೀಗ ಬೀಳದಿರುವುದು ಮಾತ್ರ ವಿಚಿತ್ರವಾದ ರೋಗ. ವಿದ್ಯುತ್ತಿದೆ, ನಲ್ಲಿಯಲ್ಲಿ ನೀರಿದೆ, ಬಟ್ಟೆ ಹಾಕಿದೆ, ಸೋಪಿನ ಪುಡಿ ಸುರಿದಿದೆ. ಗುಂಡಿಯನ್ನು ಒತ್ತಿದರೆ ಯಂತ್ರವು ಎರಡು ಬಾರಿ ಟಕಟಕನೆ ಸದ್ದು ಮಾಡಿ, ಫಲಕದ ಮೇಲೆ ಏನೋ ಎರಡಕ್ಷರ ಮಿನುಗಿಸಿ ಸುಮ್ಮನಾಗುತ್ತದೆ. ಮುಚ್ಚಳ ಮುಚ್ಚಿಯೇ ಇದೆಯಲ್ಲ ಎಂದು ಮನೆಯವರ ಸಿಟ್ಟು. ಮುಚ್ಚಿಲ್ಲವೆಂದು ಯಂತ್ರದ ಹಟ.

ಈ ಹಟಕ್ಕೆ ತಕ್ಕ ಕಾರಣವಿದೆ. ಮುಂದೆ ದುಂಡು ಬಾಗಿಲುಳ್ಳ ಯಂತ್ರದಲ್ಲಿ ಬಟ್ಟೆ ಹಿಂಡುವಾಗ ಡ್ರಮ್ಮು ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುವುದು ಸಾಮಾನ್ಯ. 1200 ಎಂದೇ ಇಟ್ಟುಕೊಂಡರೂ ಸೆಕೆಂಡಿಗೆ 20 ಸುತ್ತಾಯಿತು. ಡ್ರಮ್ಮಿನ ಅಡ್ಡಳತೆ 48 ಸೆಂಟಿಮೀಟರಾದರೆ ಅದರ ಸುತ್ತಳತೆ ಒಂದೂವರೆ ಮೀಟರು. ಅಂದರೆ ಒಳಗಿನ ಒದ್ದೆ ಲಂಗವು ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ! ಮೇಲೆ ಮುಚ್ಚಳವುಳ್ಳ ಯಂತ್ರಗಳು ಇದಕ್ಕಿಂತ ನಿಧಾನ, 700 ಸುತ್ತಿನ ಆಸುಪಾಸು. ಆದರೂ ಆ ವೇಗವು ಗಂಟೆಗೆ 65 ಕಿಲೋಮೀಟರಿನಷ್ಟಾಗುತ್ತದೆ. ವಿದ್ಯುತ್ತು ನಿಂತ ಮೇಲೂ ಡ್ರಮ್ಮು ತನ್ನ ಭರದಲ್ಲಿ ಕೆಲಹೊತ್ತು ಸುತ್ತುತ್ತಲೇ ಇರುತ್ತದೆ. ಹಾಗೆ ಸುತ್ತುವ ಸೀರೆಯ ಮಡಿಕೆಯೊಳಗೆ ಒಂದು ಕೈ ಸಿಕ್ಕಿಕೊಂಡರೆ ಏನಾದೀತೆಂಬುದನ್ನು ವಿವರಿಸಬೇಕಾದುದಿಲ್ಲ. ಆದುದರಿಂದಲೇ ಬೀಗ ಬಿದ್ದಿತೆಂಬ ಸುದ್ದಿ ಮುಟ್ಟುವ ತನಕ ಮೋಟಾರು ಅಲುಗಬಾರದೆಂದು ಯಂತ್ರವನ್ನು ಕಟ್ಟುವವರು ಏರ್ಪಾಟು ಮಾಡಿರುತ್ತಾರೆ.

ಬೀಗದ ಒಳರಚನೆ ಹೆದರಿಕೆ ಹುಟ್ಟಿಸುವಷ್ಟು ಜಟಿಲವೇನಲ್ಲ. ಮುಂಬಾಗಿಲ ಯಂತ್ರದ ಬಾಗಿಲಿನಲ್ಲಿ ಒಂದು ಕೊಕ್ಕೆಯಿರುತ್ತದೆ. ಬಾಗಿಲು ಮುಚ್ಚಿದಾಗ ಅದು ಯಂತ್ರದ ಮೈಯಲ್ಲಿರುವ ಸೀಳಿನೊಳಕ್ಕೆ ಹೋಗಿ, ಅಲ್ಲಿಯ ಪ್ಲಾಸ್ಟಿಕ್ ಜಾರುಪಟ್ಟಿಯೊಂದನ್ನು ಸರಿಸಿ ಕೂಡುತ್ತದೆ. ಹಲವು ಯಂತ್ರಗಳಲ್ಲಿ, ಗುಂಡಿ ಒತ್ತಿದೊಡನೆ ಬೀಗದೊಳಗಿನ ಚಿಕ್ಕ ಬಿಲ್ಲೆಯೊಂದಕ್ಕೆ ವಿದ್ಯುತ್ತು ಹರಿದು ಅದು ಕಾಯುತ್ತದೆ. ಅದರ ಪಕ್ಕದಲ್ಲಿ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿಯಿದೆ. ಕಾದಾಗ ಒಂದು ಲೋಹವು ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಬಾಗಿ ಒಂದು ಕಡ್ಡಿಯನ್ನು ನೂಕುತ್ತದೆ. ಆ ಕಡ್ಡಿಯು ಜಾರುಪಟ್ಟಿಯನ್ನು ಅಲುಗದಂತೆ ತಡೆಹಿಡಿಯುತ್ತದೆ. ಅದೇ ಗಳಿಗೆಯಲ್ಲಿ ಒಳಗಿನ ಸ್ವಿಚ್ಚು ಕೂಡಿಕೊಂಡು ಸುದ್ದಿ ಮುಟ್ಟಿಸುತ್ತದೆ. ಕಾವನ್ನು ತಾನಾಗಿಯೇ ಹತೋಟಿಯಲ್ಲಿಡುವ ಇಸ್ತ್ರಿಪೆಟ್ಟಿಗೆಯೊಳಗೆ ದುಡಿಯುವುದೂ ಇಂಥದೇ ಜೋಡಿಲೋಹದ ಪಟ್ಟಿ. ಒಗೆತ ಮುಗಿದ ಮೇಲೆ ಬಾಗಿಲು ಒಂದೆರಡು ನಿಮಿಷ ತಡಮಾಡಿ ಬಿಡಿಸಿಕೊಳ್ಳುವುದೇಕೆಂಬುದೂ ಇದರಿಂದ ತಿಳಿಯುತ್ತದೆ: ಪಟ್ಟಿ ತಣಿಯಬೇಕು. ಆ ಎರಡು ನಿಮಿಷವನ್ನು ಸೈರಿಸಲಾರದೆ ಹಿಡಿಯನ್ನು ಜಗ್ಗುವ ಮನೆಗಳಲ್ಲಿ ಕೊಕ್ಕೆಗೆ ಆಯುಸ್ಸು ಕಡಿಮೆ. ಮೇಲ್ಮುಚ್ಚಳದ ಯಂತ್ರಗಳಲ್ಲಿ ರಚನೆ ಬೇರೆ. ಕೆಲವುಗಳಲ್ಲಿ ಮುಚ್ಚಳದ ಅಂಚಿನಲ್ಲಿ ಅಯಸ್ಕಾಂತವೊಂದು ಅಡಗಿದ್ದು, ಅದು ಹತ್ತಿರ ಬಂದುದನ್ನು ಕೆಳಗಿನ ಸ್ವಿಚ್ಚು ಗುರುತಿಸುತ್ತದೆ. ಬಳಿಕ ವಿದ್ಯುತ್ ಸುರುಳಿಯೊಂದು ಬೀಗದ ನಾಲಗೆಯನ್ನು ಮುಂದಕ್ಕೆ ನೂಕುತ್ತದೆ.

ಯಂತ್ರ ಹಟ ಹಿಡಿದಾಗ ಮೊದಲು ಮಾಡಬೇಕಾದುದು ಪ್ಲಗ್ಗನ್ನು ಕಿತ್ತು ಐದು ನಿಮಿಷ ಸುಮ್ಮನಿರುವುದು. ಬೀಗ ತಣಿದು, ನಿಯಂತ್ರಕಕ್ಕೆ ಹಿಂದಿನ ಗೊಂದಲ ಮರೆತು, ಎಷ್ಟೋ ವೇಳೆ ಇಷ್ಟರಿಂದಲೇ ಕೆಲಸ ಕೈಗೂಡುತ್ತದೆ. ಮಕ್ಕಳು ಗುಂಡಿ ಒತ್ತಿ ಆಡದಿರಲೆಂದು ಫಲಕಕ್ಕೆ ಹಾಕುವ ‘ಚೈಲ್ಡ್ ಲಾಕ್’ ಎಂಬುದೇ ಬೇರೆ. ಅದನ್ನೇ ಮುಚ್ಚಳದ ಬೀಗವೆಂದು ತಿಳಿದು ಮೆಕ್ಯಾನಿಕ್ಕನ್ನು ಕರೆಸಿ, ಬಂದ ಕೂಲಿ ಕೊಟ್ಟು ಕಳುಹಿಸಿದ ಸಂಸಾರಗಳೂ ಉಂಟು.

ಅಷ್ಟಾದರೂ ಸರಿಹೋಗದಿದ್ದರೆ ಕಿವಿಗೊಟ್ಟು ಕೇಳಬೇಕು. ಟಕ್, ಟಕ್, ಟಕ್ ಎಂದು ಮತ್ತೆ ಮತ್ತೆ ಸದ್ದು ಬಂದು ಯಂತ್ರ ಸೋತು ನಿಂತರೆ, ಬೀಗವು ಪ್ರಯತ್ನಿಸುತ್ತಿದೆ, ಆದರೆ ಕೊಕ್ಕೆ ಅಥವಾ ನಾಲಗೆ ತನ್ನ ಜಾಗಕ್ಕೆ ಕೂಡುತ್ತಿಲ್ಲವೆಂದು ತಿಳಿಯಬಹುದು. ಒಂದೇ ಸಲ ಟಕ್ ಎಂದು ಬಾಗಿಲು ಭದ್ರವಾಗಿಯೂ ಯಂತ್ರ ಮುಂದುವರಿಯದಿದ್ದರೆ ಒಳಗಿನ ಸ್ವಿಚ್ಚಿನ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ಬೀಗಕ್ಕೆ ವಿದ್ಯುತ್ತೇ ತಲುಪುತ್ತಿಲ್ಲ, ಇಲ್ಲವೆ ಬೀಗ ಸತ್ತಿದೆ. ಈ ಮೂರು ಸದ್ದುಗಳ ಭೇದವನ್ನು ಬಲ್ಲ ಗೃಹಿಣಿಯು ರಿಪೇರಿಯವನ ಮುಂದೆ ಅರ್ಧ ಗೆದ್ದಂತೆಯೇ. ಬೀಗವೊಂದೇ ಕೆಟ್ಟಿರುವಾಗ ‘ಬೋರ್ಡು ಹೋಗಿದೆ’ ಎಂಬ ಮಾತನ್ನು ಆಕೆ ಸುಲಭವಾಗಿ ನಂಬುವುದಿಲ್ಲ. ಬೋರ್ಡಿನ ಬೆಲೆಗೂ ಬೀಗದ ಬೆಲೆಗೂ ಅಜಗಜಾಂತರ.

ಮೊದಲನೆಯ ಬಗೆಯೇ ಹೆಚ್ಚು. ಅದಕ್ಕೆ ಕಾರಣ ಬಹುಮಟ್ಟಿಗೆ ಕೊಳೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ದೊರೆಯುವ ಕೊಳವೆಬಾವಿಯ ಗಡಸು ನೀರೂ ಸೋಪಿನ ಪುಡಿಯೂ ಸೇರಿ ಸಂದುಗಳಲ್ಲಿ ಬಿಳಿಯ ಕಿಟ್ಟವಾಗಿ ಗಟ್ಟಿಕಟ್ಟುತ್ತವೆ. ಅದರೊಂದಿಗೆ ಬಟ್ಟೆಯ ಜುಂಗು ಸೇರಿದರೆ ಬೀಗದ ಸೀಳು ಮುಚ್ಚಿಹೋಗಲು ಇನ್ನೇನು ಬೇಕು? ಪ್ಲಗ್ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಕೊಡವಿ, ಸೀಳನ್ನೂ ಕೊಕ್ಕೆಯನ್ನೂ ಮೆಲ್ಲಗೆ ಉಜ್ಜಬೇಕು. ನೀರು ಸುರಿಯಲಾಗದು, ಒಳಗಿರುವುದು ವಿದ್ಯುತ್ತಿನ ಸ್ವಿಚ್ಚು. ಎಣ್ಣೆ ಬಿಡುವುದೂ ಸಲ್ಲದು, ಎಣ್ಣೆಗೆ ಇನ್ನಷ್ಟು ಜುಂಗು ಅಂಟುತ್ತದೆ. ಮುಂಬಾಗಿಲ ರಬ್ಬರ್ ಪಟ್ಟಿಯ ಮಡಿಕೆಯನ್ನೂ ಬೆರಳಾಡಿಸಿ ನೋಡಬೇಕು. ಪೈಜಾಮದ ಲಾಡಿ, ಮಗುವಿನ ಕಾಲುಚೀಲ, ಬ್ಲೌಸಿನ ಹುಕ್ಕು, ಜೇಬಿನಿಂದ ಜಾರಿದ ನಾಣ್ಯ, ಹೀಗೆ ಬಾಗಿಲು ಪೂರ್ತಿ ಕೂಡದಂತೆ ತಡೆಯುವ ವಸ್ತುಗಳು ಅಲ್ಲಿ ಅಡಗಿರುತ್ತವೆ.

ಇನ್ನೊಂದು ಕಾರಣ ಯಂತ್ರದಲ್ಲಿಲ್ಲ, ಮನೆಯ ನೆಲದಲ್ಲಿದೆ. ನಮ್ಮ ಮನೆಗಳಲ್ಲಿ ಅಡುಗೆಮನೆಯ ಹಿಂದಿನ ಒಗೆಯುವ ಜಾಗಕ್ಕೆ ನೀರು ಹರಿದುಹೋಗಲೆಂದು ಗಾರೆಯವನು ಇಳಿಜಾರು ಕೊಟ್ಟಿರುತ್ತಾನೆ. ಬಕೆಟ್ಟಿಗೂ ಒಗೆಯುವ ಕಲ್ಲಿಗೂ ಅದು ಒಳ್ಳೆಯದೇ. ಯಂತ್ರ ಮಾತ್ರ ಅಲ್ಲಿ ಒಂದು ಕಾಲು ಕುಂಟುತ್ತ ನಿಲ್ಲುತ್ತದೆ, ಹಿಂಡುವಾಗ ಕುಲುಕಾಡುತ್ತದೆ, ವರ್ಷಗಳು ಕಳೆದಂತೆ ಬಿಜಾಗರಿ ಸಡಿಲಾಗಿ ಬಾಗಿಲು ಕೂದಲೆಳೆಯಷ್ಟು ಜೋತುಬಿದ್ದು, ಕೊಕ್ಕೆಯು ಸೀಳಿಗೆ ನೇರವಾಗಿ ಹೋಗದೆ ಅಂಚಿಗೆ ತಾಗುತ್ತದೆ. ಬಾಗಿಲನ್ನು ಕೊಂಚ ಮೇಲೆತ್ತಿ ಮುಚ್ಚಿದಾಗ ಬೀಗ ಬಿದ್ದರೆ ರೋಗ ಇದೇ ಎಂದು ನಿಶ್ಚಯಿಸಬಹುದು. ಗಾರೆಯವರ ರಸಮಟ್ಟವನ್ನು ಯಂತ್ರದ ತಲೆಯ ಮೇಲಿಟ್ಟು, ಕೆಳಗಿನ ತಿರುಪುಗಾಲುಗಳನ್ನು ತಿರುಗಿಸಿ ನಾಲ್ಕು ಮೂಲೆಗಳನ್ನು ಸಮ ಮಾಡಿ, ಬಿಜಾಗರಿಯ ಸ್ಕ್ರೂಗಳನ್ನು ಬಿಗಿಮಾಡಬೇಕು. ಮೇಲ್ಮುಚ್ಚಳದ ಯಂತ್ರವಾದರೆ, ಅದರ ಮೇಲೆ ಸೋಪಿನ ಡಬ್ಬ, ಹಳೆಯ ಪತ್ರಿಕೆಗಳ ಕಟ್ಟು, ಒಣಗಿದ ಬಟ್ಟೆಯ ರಾಶಿ ಹೇರುವ ಪರಿಪಾಠವನ್ನು ಬಿಡಬೇಕು. ಮುಚ್ಚಳವೆಂದರೆ ಕಪಾಟಲ್ಲ, ಅದು ಬಾಗಿದರೆ ಅಯಸ್ಕಾಂತವು ಸ್ವಿಚ್ಚಿನಿಂದ ದೂರವಾಗುತ್ತದೆ.

ಸದ್ದೇ ಇಲ್ಲದ ಯಂತ್ರದ ವಿಷಯದಲ್ಲಿ ಇಲಿರಾಯನನ್ನು ಮರೆಯುವಂತಿಲ್ಲ. ಯಂತ್ರದ ತಳದಿಂದ ನುಸುಳಿ ಬೆಚ್ಚಗಿನ ಮೂಲೆಯಲ್ಲಿ ಸಂಸಾರ ಹೂಡಿ ತಂತಿಗಳನ್ನು ಕಡಿದುಹಾಕುವುದು ಆತನ ನಿತ್ಯದ ಉದ್ಯೋಗ. ತಳಕ್ಕೆ ಜಾಲರಿಯನ್ನೋ ಕಂಪನಿಯವರೇ ಮಾರುವ ತಗಡನ್ನೋ ಹಾಕಿಸುವುದು ಲೇಸು.

ಬೀಗವೇ ಸತ್ತಿದ್ದರೆ ಅದನ್ನು ಬದಲಿಸಲೇಬೇಕು. ವಾರಂಟಿ ಇನ್ನೂ ಉಳಿದಿರುವಾಗ ಯಂತ್ರಕ್ಕೆ ಕೈಹಾಕುವುದು ಅವಿವೇಕ. ಅದು ಮುಗಿದಿದ್ದು, ಸ್ಕ್ರೂಡ್ರೈವರ್ ಹಿಡಿದ ಅಭ್ಯಾಸವಿದ್ದವರಿಗೆ ಮುಂಬಾಗಿಲ ಬೀಗ ತೀರ ಕಷ್ಟದ ಕೆಲಸವಲ್ಲ. ಪ್ಲಗ್ ಕಿತ್ತು, ನಲ್ಲಿ ತಿರುಗಿಸಿ, ರಬ್ಬರ್ ಪಟ್ಟಿಯನ್ನು ಸುತ್ತಲೂ ಹಿಡಿದಿರುವ ತಂತಿಯ ಬಳೆಯನ್ನು ಬಿಡಿಸಬೇಕು. ಬೀಗವಿರುವ ಕಡೆಗೆ ರಬ್ಬರನ್ನು ಸರಿಸಿ ಎರಡೋ ಮೂರೋ ಸ್ಕ್ರೂ ತೆಗೆದರೆ ಬೀಗವು ಒಳಗೆ ಕಳಚಿಕೊಳ್ಳುತ್ತದೆ. ತಂತಿಗಳ ಜೋಡಣೆಯನ್ನು ಬಿಡಿಸುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು ಜಾಣತನ. ಮಲ್ಟಿಮೀಟರ್ ಉಳ್ಳವರು ಕಾವುಬಿಲ್ಲೆಯ ರೋಧವನ್ನು ಅಳೆಯಬಹುದು. ತಣ್ಣಗಿರುವಾಗ ಅದು ಸಾಮಾನ್ಯವಾಗಿ ಹಲವು ನೂರು ಓಮಿನಿಂದ ಸಾವಿರದೈನೂರು ಓಮಿನವರೆಗೆ ಇರುತ್ತದೆ. ಮೀಟರು ಅನಂತವನ್ನು ತೋರಿಸಿದರೆ ಬಿಲ್ಲೆ ಸುಟ್ಟಿದೆ. ಹಳೆಯ ಬೀಗದ ಮೇಲಿನ ಸಂಖ್ಯೆಯನ್ನೇ ಕೊಟ್ಟು ಹೊಸದನ್ನು ತರಬೇಕು. ನೋಡಲು ಒಂದೇ ತೆರನಾದ ಬೀಗಗಳ ತಂತಿಯ ಕ್ರಮ ಬೇರೆ ಬೇರೆ. ಮರಳಿ ಜೋಡಿಸುವಾಗ ತಂತಿಬಳೆ ತನ್ನ ಕಾಲುವೆಯಲ್ಲಿ ಸರಿಯಾಗಿ ಕೂಡದಿದ್ದರೆ ನೀರು ಸೋರುತ್ತದೆ. ಮೇಲ್ಮುಚ್ಚಳದ ಯಂತ್ರದಲ್ಲಿ ಮೇಲಿನ ಹಲಗೆಯನ್ನೇ ಎತ್ತಬೇಕಾಗಬಹುದು. ಪ್ಲಗ್ ಕಿತ್ತ ಮೇಲೂ ಮೋಟಾರಿನ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವ ಸಂಭವವುಂಟು. ಅದನ್ನು ಬಲ್ಲವರಿಗೇ ಬಿಡುವುದು ಮೇಲು.

ಈ ಘಟ್ಟದಲ್ಲಿ ರಿಪೇರಿಯವನ ಬಾಯಿಂದ ಒಂದು ಸಲಹೆ ಬರುವುದುಂಟು. “ಹೊಸಾ ಲಾಕ್ ಬರೋಕೆ ಒಂದು ವಾರ ಆಗುತ್ತೆ ಅಮ್ಮಾ. ಸದ್ಯಕ್ಕೆ ಎರಡು ವೈರ್ ಸೇರಿಸಿಬಿಡ್ತೀನಿ, ಮಷೀನ್ ಓಡುತ್ತೆ.” ಒಳಗಿನಿಂದ ಯಜಮಾನರೂ, “ವಾರದ ಮಟ್ಟಿಗೆ ತಾನೆ, ಮಾಡಿಸಿಬಿಡೇ,” ಎನ್ನುತ್ತಾರೆ. ಯಂತ್ರ ಓಡಲಾರಂಭಿಸಿದ ಮೇಲೆ ಬೀಗವನ್ನು ಯಾರೂ ನೆನೆಯುವುದಿಲ್ಲ. ಆ ವಾರವು ವರ್ಷಗಟ್ಟಲೆ ನಡೆಯುತ್ತದೆ. ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದೇ ನಂಬುವ ಯಂತ್ರ ಅದು. ಮುಚ್ಚಳದ ಮೇಲಿನ ಸ್ವಿಚ್ಚಿಗೆ ಬೇರೊಂದು ಅಯಸ್ಕಾಂತವನ್ನು ಅಂಟಿಸಿ ಮೋಸ ಮಾಡುವ ಉಪಾಯವೂ ಇದೇ ಜಾತಿಯದು. “ಬೇಡಪ್ಪಾ, ಮಗು ಓಡಾಡೋ ಮನೆ. ಒಂದು ವಾರ ಕಲ್ಲಿನ ಮೇಲೇ ಒಗೆದರಾಯಿತು, ನೀನು ಲಾಕೇ ತಂದು ಹಾಕು,” ಎನ್ನುವ ಗೃಹಿಣಿಯ ಮಾತನ್ನು ಯಜಮಾನರು ಕೇಳಬೇಕು. ಆ ವಾರದ ಒಗೆತದಲ್ಲಿ ಅವರೂ ಒಂದು ಕೈ ಹಾಕಿದರೆ ನಷ್ಟವೇನಿಲ್ಲ.

ಬೀಗವು ಸರಿಯಾಗಿದ್ದರೂ ಅದು ಕಾಯುವುದು ಯಂತ್ರ ಓಡುವಾಗ ಮಾತ್ರವೆಂಬುದನ್ನು ಮಕ್ಕಳಿರುವ ಮನೆಯವರು ತಿಳಿದಿರಬೇಕು. 2017ರ ಫೆಬ್ರವರಿಯಲ್ಲಿ ದೆಹಲಿಯ ರೋಹಿಣಿಯಲ್ಲಿ ಮೂರು ವರ್ಷದ ಅವಳಿ ಮಕ್ಕಳು, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿದ್ದಾಗ, ನೀರು ತುಂಬಿದ್ದ ಒಗೆಯುವ ಯಂತ್ರದೊಳಗೆ ಬಿದ್ದು ತೀರಿಕೊಂಡರು. ನಿಂತಿರುವ ಯಂತ್ರಕ್ಕೆ ಬೀಗವಿಲ್ಲ. ಮೇಲ್ಮುಚ್ಚಳವನ್ನು ಮುಚ್ಚಿಡಬೇಕು, ನೀರನ್ನು ಬಿಟ್ಟುಹೋಗಬಾರದು, ಹತ್ತಲು ಅನುವಾಗುವ ಮಣೆ ಸ್ಟೂಲುಗಳನ್ನು ಪಕ್ಕದಲ್ಲಿ ಇಡಬಾರದು.

ಒಗೆಯುವ ತೊಟ್ಟಿಯೂ ಹಿಂಡುವ ತೊಟ್ಟಿಯೂ ಬೇರೆ ಬೇರೆಯಾಗಿರುವ ಅರೆಸ್ವಯಂಚಾಲಿತ ಯಂತ್ರಗಳು ಇಂದಿಗೂ ಅನೇಕ ಮನೆಗಳಲ್ಲಿವೆ. ಅವುಗಳಲ್ಲಿ ಬೀಗದ ಬದಲು, ಮುಚ್ಚಳ ಎತ್ತಿದೊಡನೆ ವಿದ್ಯುತ್ತು ಕಡಿದು, ತಂತಿಯೊಂದು ಬ್ರೇಕನ್ನು ಒತ್ತುವ ಏರ್ಪಾಟಿರುತ್ತದೆ. ಮುಚ್ಚಳ ಎತ್ತಿದರೂ ತೊಟ್ಟಿ ಗಿರ್ರನೆ ಸುತ್ತುತ್ತಲೇ ಇದ್ದರೆ ಬ್ರೇಕು ಸವೆದಿದೆ ಅಥವಾ ತಂತಿ ಸಡಿಲಾಗಿದೆ. ಅದು ಸರಿಹೋಗುವ ತನಕ ಹಿಂಡುವ ತೊಟ್ಟಿಯನ್ನು ಬಳಸಕೂಡದು.

ರಿಪೇರಿ ಮುಗಿದ ದಿನ ಬಟ್ಟೆ ತುಂಬದೆ ಬರಿಯ ಯಂತ್ರವನ್ನು ಅತಿ ಚಿಕ್ಕ ಸುತ್ತಿಗೆ ಒಮ್ಮೆ ಓಡಿಸಿ ನೋಡತಕ್ಕದ್ದು. ಬೀಗ ಬಿದ್ದ ಸದ್ದು ಕೇಳಬೇಕು, ಓಡುತ್ತಿರುವಾಗ ಬಾಗಿಲು ಎಳೆದರೂ ಬರಬಾರದು, ಬಾಗಿಲ ಕೆಳಗಿನ ನೆಲ ಒಣಗಿಯೇ ಇರಬೇಕು. ಆ ಬಳಿಕ ನೆನೆಸಿಟ್ಟ ಬಟ್ಟೆಗಳನ್ನು ಹಾಕಬಹುದು.