ಸ್ಪೀಡ್ ಇದೆ ಸ್ವಾಮಿ, ನೆಟ್ಟಗಿಲ್ಲ ಅಷ್ಟೇ!

"ನೂರು ಎಂಬಿಪಿಎಸ್ ಬರ್ತಿದೆಯಲ್ಲ, ಇನ್ನೇನು ಬೇಕು?" ಊರಲ್ಲಿ ಪಿಸಿ ಇಟ್ಟುಕೊಂಡು ಆನ್‌ಲೈನ್ ಗೇಮ್ ಆಡುವ ಹುಡುಗ ಹುಡುಗಿಯರು ಇಂಟರ್‌ನೆಟ್‌ನವರಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಇದು. ಅದಕ್ಕೆ ಮನೆಯವರ ಒಗ್ಗರಣೆ ಬೇರೆ: "ಆಟಕ್ಕೆ ತಾನೆ, ಹೋದ್ರೆ ಹೋಗ್ಲಿ ಬಿಡು." ಈ ಎರಡೂ ಮಾತುಗಳ ಬಗ್ಗೆ ನಮಗೆ ತಕರಾರಿದೆ.

ಮೊದಲನೆಯದು ಎಂಬಿಪಿಎಸ್ ಲೆಕ್ಕ. ಅದು ಪೈಪಿನ ಅಗಲವನ್ನು ಹೇಳುತ್ತದೆ, ನೀರು ಬಿಟ್ಟು ಬಿಟ್ಟು ಬರುತ್ತಿದೆಯೇ ಎಂಬುದನ್ನಲ್ಲ. ಆಟ ಆಡುವಾಗ ಒಂದೆರಡು ಎಂಬಿಪಿಎಸ್ ಇದ್ದರೂ ನಡೆಯುತ್ತದೆ. ಆದರೆ ಬರಬೇಕಾದದ್ದು ಹೊತ್ತಿಗೆ ಸರಿಯಾಗಿ ಬರಬೇಕು. ವ್ಯಾಲೊರಂಟ್‌ನ ಸರ್ವರ್ ಸೆಕೆಂಡಿಗೆ 128 ಸಲ ಆಟದ ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 8 ಮಿಲಿಸೆಕೆಂಡಿಗೊಮ್ಮೆ. ಪಿಂಗ್ 60ರಲ್ಲೇ ನಿಂತರೂ ಆಡಬಹುದು. ಅದು 40ರಿಂದ 300ಕ್ಕೆ ಹಾರಿ ಮತ್ತೆ 40ಕ್ಕೆ ಇಳಿದರೆ, ಎದುರಾಳಿ ಕಾಣಿಸುವ ಹೊತ್ತಿಗೆ ನೀವು ಸತ್ತಾಗಿರುತ್ತೀರಿ. ಯೂಟ್ಯೂಬ್ ಮುಂದಿನ ದೃಶ್ಯವನ್ನು ಮೊದಲೇ ತಂದಿಟ್ಟುಕೊಳ್ಳುವುದರಿಂದ ಈ ತೊಂದರೆ ಅಲ್ಲಿ ಗೊತ್ತೇ ಆಗುವುದಿಲ್ಲ. ಎದುರಾಳಿಯ ಮುಂದಿನ ಹೆಜ್ಜೆಯನ್ನು ಹಾಗೆ ಮೊದಲೇ ತಂದಿಡಲು ಸಾಧ್ಯವೇ?

ಎರಡನೆಯದು 'ಆಟ ತಾನೆ' ಎಂಬ ಉಡಾಫೆ. ಗೇಮ್ ಕೆಡಿಸುವ ಇದೇ ಏರಿಳಿತ ತಂಗಿಯ ಆನ್‌ಲೈನ್ ಇಂಟರ್‌ವ್ಯೂನಲ್ಲಿ ದನಿಯನ್ನು ತುಂಡರಿಸುತ್ತದೆ, ನಮ್ಮಂಥ ವರದಿಗಾರರ ಲೈವ್ ಅನ್ನು ನಡುವೆ ನಿಲ್ಲಿಸುತ್ತದೆ. ಲೈನಿನ ನಾಡಿಮಿಡಿತ ಮೊದಲು ಗೊತ್ತಾಗುವುದು ಗೇಮ್ ಆಡುವವರಿಗೆ. ಅವರ ದೂರನ್ನು ತಳ್ಳಿಹಾಕಿದರೆ ನಷ್ಟ ಮನೆಮಂದಿಗೆಲ್ಲ.

ಹಾಗಂತ ಕಂಪನಿಯನ್ನು ಬೈದರೆ ಕೆಲಸ ಮುಗಿಯುವುದಿಲ್ಲ. ತಪ್ಪು ಮನೆಯೊಳಗಿದೆಯೋ ಹೊರಗಿದೆಯೋ ಎಂದು ಮೊದಲು ಹಿಡಿಯಬೇಕು. ಅದಕ್ಕೆ ಕಾಸಿನ ಖರ್ಚಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರ್‌ನ ವಿಳಾಸಕ್ಕೆ (ಹೆಚ್ಚಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ 8.8.8.8ಕ್ಕೆ ನಿಲ್ಲದೆ ಪಿಂಗ್ ಹಾಕಿ ಆಟ ಶುರುಮಾಡಿ. ಆಟ ತಡವರಿಸಿದಾಗ ರೂಟರ್‌ನ ಪಿಂಗೇ ಕುಣಿದರೆ ದೋಷ ಮನೆಯ ವೈಫೈನದು. ರೂಟರ್‌ನದು ಒಂದೆರಡು ಮಿಲಿಸೆಕೆಂಡಿನಲ್ಲಿ ಅಲುಗದೆ ನಿಂತು, ಹೊರಗಿನದು ಮಾತ್ರ ಹಾರಿದರೆ ವೈಫೈಯನ್ನು ದೂರಬೇಡಿ, ರೂಟರ್‌ನಿಂದಾಚೆ ನೋಡಿ.

ಮನೆಯೊಳಗಿನ ತಪ್ಪುಗಳು ಎಲ್ಲ ಊರಲ್ಲೂ ಹೆಚ್ಚುಕಮ್ಮಿ ಅವೇ. ರೂಟರ್ ನಡುಮನೆಯ ಟಿವಿ ಹಿಂದೆ, ಪಿಸಿ ಹಿತ್ತಿಲ ಕೋಣೆಯಲ್ಲಿ, ಮಧ್ಯೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್‌ನ ಅಲೆ ಅದನ್ನು ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಗದ್ದಲ ಹಾಕುತ್ತಿರುತ್ತವೆ. ಅದನ್ನೇ ಬಳಸಬೇಕಾಗಿ ಬಂದರೆ ಒಂದಕ್ಕೊಂದು ತಾಗದ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ. ವೈಫೈ ಡಾಂಗಲ್ ಅನ್ನು ತಗಡಿನ ಕ್ಯಾಬಿನೆಟ್ಟಿನ ಬೆನ್ನಿಗೆ ಚುಚ್ಚಬೇಡಿ, ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲಿಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ಗೆ ವಿದ್ಯುತ್ ಉಳಿಸುವ ಆಯ್ಕೆ ಇದ್ದರೆ ತೆಗೆಯಿರಿ. ಅಣ್ಣ ವಿಡಿಯೋ ಅಪ್‌ಲೋಡ್ ಮಾಡುವಾಗ ಮಾತ್ರ ಪಿಂಗ್ ಏರುತ್ತಿದ್ದರೆ ಅದು ಲೈನಿನೊಳಗಿನ ಸರತಿ. ರೂಟರ್‌ನಲ್ಲಿ ಕ್ಯೂಓಎಸ್ ಸೌಲಭ್ಯವಿದ್ದರೆ ಆನ್ ಮಾಡಿ, ಅಪ್‌ಲೋಡ್‌ಗೆ ಮಿತಿ ಹಾಕಿ.

ಇಷ್ಟೆಲ್ಲಕ್ಕಿಂತ ಮೇಲಿನ ಮದ್ದು ತಂತಿ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ ಸಂಪರ್ಕವನ್ನು ಎಳೆದೊಯ್ಯುತ್ತದೆ. ಗೋಡೆಗೊಂದು ತೂತು ಕೊರೆದರೆ ಮುಗಿಯಿತು. ಆದರೆ ಈ ಮಾತು ಹೇಳುವವರು ಯಾರು? ಅಂಗಡಿಯವರು ಎಂಟು ಆಂಟೆನಾದ 'ಗೇಮಿಂಗ್ ರೂಟರ್' ತೋರಿಸುತ್ತಾರೆ, ಕಂಪನಿಯವರು ಇನ್ನೂ ದುಬಾರಿ ಪ್ಲಾನ್ ತೋರಿಸುತ್ತಾರೆ. ಕಲ್ಲಿನ ಗೋಡೆಯ ಮುಂದೆ ಎಂಟು ಕೊಂಬಿದ್ದರೂ ಅಷ್ಟೇ. ಲೈನೇ ಕೆಟ್ಟಿದ್ದರೆ ನೂರರ ಬದಲು ಮುನ್ನೂರು ಎಂಬಿಪಿಎಸ್ ಹಾಕಿಸಿಯೂ ಪಿಂಗ್ ಹಾರುವುದು ನಿಲ್ಲುವುದಿಲ್ಲ. ಎಲ್ಲ ಕಾಯಿಲೆಗೂ 'ಪ್ಲಾನ್ ಏರಿಸಿ' ಎನ್ನುವುದು ಪರಿಹಾರವಲ್ಲ, ವ್ಯಾಪಾರ.

ತಂತಿಯಲ್ಲಿ ಆಡಿ, ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದಾಗಲೂ ಹೊರಗಿನ ಪಿಂಗ್ ಹಾರಿದರೆ ಬಿಡಬೇಡಿ. ದಿನ, ಹೊತ್ತು, ಎಷ್ಟು ಪ್ಯಾಕೆಟ್ ಕಳೆದವು ಎಂದು ಒಂದು ವಾರ ಬರೆದಿಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಕೊಟ್ಟು ಅದರ ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. 2012ರ ಟ್ರಾಯ್ ನಿಯಮದಂತೆ ಆ ವ್ಯವಸ್ಥೆ ಇರಲೇಬೇಕು. 2024ರಲ್ಲಿ ಟ್ರಾಯ್ ಹೊರಡಿಸಿದ ಗುಣಮಟ್ಟದ ನಿಯಮಗಳಲ್ಲಿ ವೇಗದ ಜೊತೆಗೆ ಲೇಟೆನ್ಸಿ, ಪ್ಯಾಕೆಟ್ ನಷ್ಟಗಳೂ ಇವೆ. ಅಂದಮೇಲೆ ಸ್ಪೀಡ್ ಟೆಸ್ಟ್ ಒಂದನ್ನೇ ತೋರಿಸಿ ದೂರು ಮುಚ್ಚಲು ಯಾಕೆ ಬಿಡಬೇಕು?

ದೂರಿನಲ್ಲಿ 'ನೆಟ್ ಸ್ಲೋ' ಎಂದು ಬರೆಯುವುದನ್ನು ನಾವೆಲ್ಲ ನಿಲ್ಲಿಸೋಣ. 'ಪಿಂಗ್ ಇಷ್ಟರಿಂದ ಇಷ್ಟಕ್ಕೆ ಹಾರುತ್ತಿದೆ, ನೂರಕ್ಕೆ ಇಷ್ಟು ಪ್ಯಾಕೆಟ್ ಕಳೆಯುತ್ತಿವೆ' ಎಂದು ಬರೆಯೋಣ. ಕಾರಣ ಕೇಳಿದರೆ ಗೇಮ್ ಆಡಲು ಎಂದೇ ಹೇಳೋಣ. ತಿಂಗಳ ದುಡ್ಡು ಪೂರ್ತಿ ಕಟ್ಟಿದ್ದೇವೆ, ಆಟಕ್ಕೆಂದು ರಿಯಾಯಿತಿಯನ್ನೇನೂ ಕೇಳಿಲ್ಲವಲ್ಲ.