ತಗಡಿನ ಬಣ್ಣಕ್ಕಿಂತ ಮೊದಲು ಚೌಕಟ್ಟು ನೋಡೋಣ

ಬೈಕುಲ್ಲಾ ಪರಿಸರದ ನಮ್ಮ ಸಂಘದ ತಾರಸಿಗೆ ಉಕ್ಕಿನ ಮಾಡು ಹಾಕಿಸುವ ವಿಚಾರ ಮುಂದಿನ ಮಹಾಸಭೆಗೆ ಬರಲಿದೆ. ಯಕ್ಷಗಾನ ತರಬೇತಿ, ಅರಸಿನ ಕುಂಕುಮ, ಮಕ್ಕಳಿಗೆ ಪುಸ್ತಕ ವಿತರಣೆ ಎಲ್ಲದಕ್ಕೂ ಜಾಗ ಬೇಕು, ಸರಿಯೇ. ಆದರೆ ಸಮಿತಿಯ ಸಭೆಯಲ್ಲಿ ಒಂದು ಗಂಟೆ ಚರ್ಚೆಯಾದದ್ದು ತಗಡು ನೀಲಿಯೋ ಕೆಂಪೋ ಎಂದು! ನಾನು ಇಂಜಿನಿಯರ್ ಅಲ್ಲ, ಸಂಜೆ ಕಾಲೇಜಿನ ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತ. ಆದರೆ ಬಂದಿರುವ ಎರಡು ಕೊಟೇಶನ್ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಒಂದರಲ್ಲಿ 'ಎಲ್ಲ ಸೇರಿ ಚದರಡಿಗೆ ಇಷ್ಟು' ಎಂಬ ಒಂದೇ ಸಾಲು. ಇನ್ನೊಂದರಲ್ಲಿ ಕಂಬ, ರಾಫ್ಟರ್, ಪರ್ಲಿನ್, ಬ್ರೇಸಿಂಗ್, ಬೇಸ್ ಪ್ಲೇಟ್ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಎರಡನೆಯದು ದುಬಾರಿ, ಹಾಗಾಗಿ ಹೆಚ್ಚಿನವರ ಒಲವು ಮೊದಲನೆಯದರತ್ತ.

ಊರಿನ ಹಂಚಿನ ಮನೆ ಕಂಡವರಿಗೆ ಈ ಹೆಸರುಗಳು ಕಷ್ಟವೇನಲ್ಲ. ಅಲ್ಲಿ ಪಕ್ಕಾಸು, ಅದರ ಮೇಲೆ ಅಡ್ಡಲಾಗಿ ರೀಪು, ರೀಪಿನ ಮೇಲೆ ಹಂಚು. ಇಲ್ಲಿ ಪಕ್ಕಾಸಿನ ಜಾಗದಲ್ಲಿ ಉಕ್ಕಿನ ರಾಫ್ಟರ್ ಅಥವಾ ತ್ರಿಕೋನ ತ್ರಿಕೋನವಾಗಿ ಬೆಸೆದ ಟ್ರಸ್, ರೀಪಿನ ಜಾಗದಲ್ಲಿ ಸಿ ಅಥವಾ ಜೆಡ್ ಆಕಾರದ ಪರ್ಲಿನ್. ಕಂಬಗಳ ನಡುವೆ ಓರೆಯಾಗಿ ಬಿಗಿಯುವ ಸರಳುಗಳೇ ಬ್ರೇಸಿಂಗ್. ಅದಿಲ್ಲದಿದ್ದರೆ ಇಡೀ ಸಾಲು ಒಂದೇ ಕಡೆಗೆ ವಾಲೀತು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹಂಚು ತನ್ನ ಭಾರಕ್ಕೇ ಕೂರುತ್ತದೆ, ತಗಡು ಕೂರುವುದಿಲ್ಲ. ಭಾರತೀಯ ಮಾನಕ ಐ.ಎಸ್. 875ರ ಪ್ರಕಾರ ಮುಂಬಯಿಯಲ್ಲಿ ಸೆಕೆಂಡಿಗೆ 44 ಮೀಟರ್ ವೇಗದ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕು, ಅಂದರೆ ಗಂಟೆಗೆ ಸುಮಾರು 158 ಕಿ.ಮೀ. ಆ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 118 ಕಿಲೋ ಭಾರದಷ್ಟು ಒತ್ತಡ. ಅರ್ಧ ಮಿಲಿಮೀಟರ್ ತಗಡಿನ ತೂಕವೋ, ಐದು ಕಿಲೋ ಆಸುಪಾಸು. ಇಳಿಜಾರು ಕಡಿಮೆಯಿದ್ದರೆ ಗಾಳಿ ಮಾಡನ್ನು ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ನಾನು ಹುಡುಗನಾಗಿ ದುಡಿಯುತ್ತಿದ್ದ ಹೊಟೇಲಿನ ಹಿಂದಿನ ಪತ್ರಾ ಒಂದು ಜೂನ್ ರಾತ್ರಿ ಪರ್ಲಿನ್ ಸಮೇತ ಎದ್ದು ಪಕ್ಕದ ಚಾಳಿನ ಅಂಗಳಕ್ಕೆ ಬಿತ್ತು. ಬೆಳಿಗ್ಗೆಯಾಗಿದ್ದರೆ ಅಲ್ಲಿ ನೀರಿನ ಸಾಲು ಇರುತ್ತಿತ್ತು.

ಘಾಟ್ಕೋಪರ್ ಯಾರಿಗೆ ನೆನಪಿಲ್ಲ? 2024ರ ಮೇ 13ರಂದು ಗಾಳಿಮಳೆಗೆ ಪೆಟ್ರೋಲ್ ಪಂಪಿನ ಮೇಲೆ ಉರುಳಿದ ಆ ಹೋರ್ಡಿಂಗ್ 17 ಜೀವ ಬಲಿ ಪಡೆಯಿತು. ಪರಿಶೀಲನೆಯಲ್ಲಿ ಸಿಕ್ಕಿದ್ದು ದುರ್ಬಲ ಅಡಿಪಾಯ. ಎಲ್ಲರ ಕಣ್ಣು ಮೇಲಿನ ಜಾಹೀರಾತಿನ ಮೇಲಿತ್ತು, ಬುಡ ನೋಡಿದವರಿಲ್ಲ.

ಇನ್ನು ಮಾಡಿನ ಆಕಾರ. ಸಮಿತಿಯ ಕಿರಿಯರೊಬ್ಬರು ಹಳೆಯ ಮಿಲ್‌ಗಳಂತೆ ಗರಗಸದ ಹಲ್ಲಿನ ಮಾಡು ಚೆಂದ ಎಂದರು. ಚೆಂದವೇನೋ ಹೌದು. ಉತ್ತರಕ್ಕೆ ಗಾಜಿಟ್ಟು, ನೇರ ಬಿಸಿಲು ಬೀಳದೆ ಮಗ್ಗಗಳಿಗೆ ಬೆಳಕು ಸಿಗಲೆಂದು ಮಾಡಿದ ಉಪಾಯ ಅದು. ಆದರೆ ಎರಡು ಹಲ್ಲುಗಳ ನಡುವಿನ ಕಣಿವೆಯಲ್ಲಿ ನೀರು ನಿಂತು ಸೋರುತ್ತದೆ, ನಮಗೆ ಮಗ್ಗವೂ ಇಲ್ಲ. ಒಂದೇ ಕಡೆ ಇಳಿಜಾರು ಅಗ್ಗ, ಆದರೆ ನೀರೆಲ್ಲ ನೆರೆಯವರ ಗೋಡೆಗೆ. ನನ್ನ ಮಟ್ಟಿಗೆ ಊರಿನಂತೆ ಇಬ್ಬದಿ ಇಳಿಜಾರೇ ಸೈ, ಎರಡೂ ಕಡೆ ದೋಣಿ ಇಟ್ಟು ನೀರನ್ನು ಪೈಪಿಗೆ ಬಿಡಬೇಕು.

ರಾಣಿಬಾಗ್ ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ ಇಂಗ್ಲೆಂಡಿನಿಂದ ತಂದ ಎರಕದ ಕಬ್ಬಿಣದ ಕಂಬಗಳಿವೆ. 1872ರಲ್ಲಿ ಬಾಗಿಲು ತೆರೆದ ಕಟ್ಟಡ, ಈ ಸಮುದ್ರದ ಗಾಳಿಯಲ್ಲಿ ಇಂದಿಗೂ ನಿಂತಿದೆ. ಆರೈಕೆ ಇದ್ದರೆ ಕಬ್ಬಿಣ ಬಾಳುತ್ತದೆ. ನಮ್ಮ ಮೊದಲ ಕೊಟೇಶನ್‌ನಲ್ಲಿ ತುಕ್ಕು ತಡೆಯುವ ಲೇಪನದ ಮಾತೇ ಇಲ್ಲ, ಪಾಲಿಕೆಯ ಅನುಮತಿಯ ಸುದ್ದಿಯೂ ಇಲ್ಲ. ಹೊಸ ಕಂಬಗಳು ಕೆಳಗಿನ ಕಟ್ಟಡದ ಕಂಬಗಳ ನೇರಕ್ಕೇ ಬರುತ್ತವೆಯೋ, ಬರೀ ಸ್ಲ್ಯಾಬಿನ ಮೇಲೆ ಕೂರುತ್ತವೆಯೋ? ಇದನ್ನು ಸ್ಟ್ರಕ್ಚರಲ್ ಇಂಜಿನಿಯರ್ ನಕ್ಷೆಯಲ್ಲಿ ಬರೆದು ಸಹಿ ಹಾಕುವವರೆಗೆ ಮುಂಗಡ ಚೆಕ್ ಹೋಗಬಾರದು.

ದಾನಿಗಳು ಉದಾರಿಗಳು, ಸಂಶಯವಿಲ್ಲ. ಆದರೆ ಎಲ್ಲರೂ ಹೆಸರು ಬರೆಸುವುದು ಕಣ್ಣಿಗೆ ಕಾಣುವ ಮಾಡಿಗೆ, ಫ್ಯಾನಿಗೆ. ಬೇಸ್ ಪ್ಲೇಟಿಗೂ ಆಂಕರ್ ಬೋಲ್ಟಿಗೂ ಯಾರೂ ಮುಂದೆ ಬಂದಿಲ್ಲ. ನಾಲ್ಕು ಕಂಬಗಳ ಬುಡದ ಖರ್ಚಿಗೆ ನನ್ನ ಒಂದು ತಿಂಗಳ ಸಂಬಳ ಬರೆದುಕೊಳ್ಳಿ, ಫಲಕ ಬೇಡ. ಸದಸ್ಯರು ಎರಡೂ ಕೊಟೇಶನ್‌ಗಳ ಪ್ರತಿಯನ್ನು ಕಚೇರಿಯಲ್ಲಿ ಕೇಳಿ ಪಡೆದು, ಓದಿಕೊಂಡೇ ಮಹಾಸಭೆಗೆ ಬರಬೇಕಾಗಿ ವಿನಂತಿ.