‘ಹತ್ತು ಕೆಜಿ’ ಎಷ್ಟು ಭಾರ?

ಮಾನ್ಯ ನಿರ್ದೇಶಕರಿಗೆ,
ಕಾರ್ಖಾನೆ, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ, ಬೆಂಗಳೂರು

ಮಾನ್ಯರೆ,

ಪೀಣ್ಯದ ಶೆಡ್ಡುಗಳಲ್ಲಿ ಪೈಪ್ ಫಿಟ್ಟರ್ ಆಗಿ ದುಡಿದು ಕೂದಲು ಹಣ್ಣಾದವನು ನಾನು. ವೆಲ್ಡಿಂಗ್ ಮುಗಿದ ಟ್ಯಾಂಕನ್ನೋ ಪೈಪ್‌ಲೈನನ್ನೋ ಗಿರಾಕಿಗೆ ಒಪ್ಪಿಸುವ ಮುಂಚೆ ‘ಪ್ರೆಷರ್ ಹಾಕಿ’ ನೋಡುತ್ತೇವಲ್ಲ, ಆ ಅರ್ಧ ಗಂಟೆಯ ಬಗ್ಗೆ ಈ ಪತ್ರ.

ನಮ್ಮ ಶೆಡ್ಡಿನ ಭಾಷೆಯಲ್ಲಿ ಒತ್ತಡವನ್ನು ಕೆಜಿಯಲ್ಲಿ ಹೇಳುತ್ತಾರೆ. ‘ಹತ್ತು ಕೆಜಿ ಹಾಕೋ’ ಅಂದರೆ ಹೊಸದಾಗಿ ಸೇರಿದ ಹೆಲ್ಪರ್ ಹುಡುಗನಿಗೆ ರೇಷನ್ ಅಕ್ಕಿಯ ಚೀಲ ನೆನಪಾಗುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಕೆಜಿ ಎಂದು ಅವನಿಗೆ ಬಿಡಿಸಿ ಹೇಳುವವರಿಲ್ಲ. 300 ಮಿಲಿಮೀಟರ್ ಪೈಪಿನ ಬಾಯಿಗೆ ಪ್ಲೇಟ್ ಹಾಕಿ ಬಿಗಿದಾಗ ಆ ಹತ್ತು ಕೆಜಿ ಪ್ಲೇಟನ್ನು ಏಳು ಟನ್ ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ. ಹುಡುಗ ಅದರ ಎದುರಿಗೇ ಕುಕ್ಕರಗಾಲಲ್ಲಿ ಕೂತು ಸೋಪು ನೀರು ಬಳಿಯುತ್ತಿರುತ್ತಾನೆ. ಗುಳ್ಳೆ ಕಂಡರೆ ಪ್ರೆಷರ್ ಇಳಿಸದೆಯೇ ಸ್ಪ್ಯಾನರ್ ಹಾಕಿ ಇನ್ನರ್ಧ ಸುತ್ತು ಬಿಗಿಯುತ್ತಾನೆ. ಹಾಗೆ ಕಲಿಸಿದವರು ನಮ್ಮಂಥ ಹಿರಿಯರೇ.

ನೀರು ತುಂಬಿ ಪರೀಕ್ಷಿಸುವುದಕ್ಕೂ ಗಾಳಿ ತುಂಬಿ ಪರೀಕ್ಷಿಸುವುದಕ್ಕೂ ಇರುವ ಅಂತರ ತಮಗೆ ಗೊತ್ತು. ಪತ್ರ ಓದುವ ಶೆಡ್ಡಿನವರಿಗಾಗಿ ಹೇಳುತ್ತೇನೆ. ನೀರು ಕುಗ್ಗುವುದು ತೀರಾ ಅಲ್ಪ. 1,000 ಲೀಟರ್ ಟ್ಯಾಂಕಿನ ನೀರನ್ನು ಹತ್ತು ಕೆಜಿಗೆ ಏರಿಸಿದರೆ ಆ ನೀರಿನಲ್ಲಿ ಅಡಗುವ ಶಕ್ತಿ 20 ಕೆಜಿ ಮೂಟೆಯನ್ನು ಸೊಂಟದ ಮಟ್ಟಕ್ಕೆ ಎತ್ತುವಷ್ಟು. ವೆಲ್ಡ್ ಬಿಟ್ಟರೂ ಒಮ್ಮೆ ಚಿಮ್ಮಿ ಗೇಜಿನ ಮುಳ್ಳು ಸೊನ್ನೆಗಿಳಿಯುತ್ತದೆ. ಅದೇ ಟ್ಯಾಂಕಿನಲ್ಲಿ ಹತ್ತು ಕೆಜಿ ಗಾಳಿ ಇದ್ದರೆ? ಒಂದು ಟನ್ ತೂಕದ ಕಾರನ್ನು ನೂರು ಮೀಟರಿಗೂ ಮೇಲೆ ಎತ್ತುವಷ್ಟು. ಗೇಜು ಮಾತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. 2009ರಲ್ಲಿ ಶಾಂಘೈನ ಎಲ್‌ಎನ್‌ಜಿ ಟರ್ಮಿನಲ್‌ನಲ್ಲಿ ಗಾಳಿ ಪರೀಕ್ಷೆಯ ವೇಳೆ ಪೈಪ್ ಸಿಡಿದು ಸಾವುನೋವಾಯಿತು. ದೊಡ್ಡವರ ಕಥೆಯೇ ಹಾಗಿರುವಾಗ ನಮ್ಮದೇನು?

ಗಾಳಿಯ ಮೋಹಕ್ಕೆ ಕಾರಣ ಸರಳ. ನೀರಿಗೆ ಟ್ಯಾಂಕರ್ ಕರೆಸಬೇಕು, ತುಂಬಬೇಕು, ಖಾಲಿ ಮಾಡಬೇಕು, ಒಣಗಿಸಬೇಕು. ಕಂಪ್ರೆಸರ್ ಮೂಲೆಯಲ್ಲೇ ಇದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಬೆಂಗಳೂರು ಪರದಾಡಿದ್ದನ್ನು ಕಂಡವರು ಟ್ಯಾಂಕ್ ಪರೀಕ್ಷೆಗೆ ನೀರು ಚೆಲ್ಲಲು ಹಿಂಜರಿದರೆ ಬೈಯಲಾರೆ. ಆದರೆ ಅದೇ ನೀರನ್ನು ಹತ್ತು ಟ್ಯಾಂಕಿಗೆ ಬಳಸಬಹುದಲ್ಲ!

ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನಿದ್ದ ಶೆಡ್ಡಿನಲ್ಲಿ ಎಂಟು ಬೋಲ್ಟಿನ ಜಾಗಕ್ಕೆ, ‘ಟೆಸ್ಟಿಗೆ ತಾನೆ’ ಎಂದು ನಾಲ್ಕೇ ಹಾಕಿ ಗಾಳಿ ಬಿಟ್ಟಿದ್ದೆವು. ಪ್ಲೇಟು ಕಿತ್ತುಕೊಂಡು ತಗಡಿನ ಗೋಡೆ ತೂತು ಮಾಡಿ ಪಕ್ಕದ ಶೆಡ್ಡಿನ ಅಂಗಳಕ್ಕೆ ಬಿತ್ತು. ಎದುರು ಕೂತಿರಬೇಕಾದ ರಾಯಚೂರಿನ ಹುಡುಗ ಟೀ ತರಲು ಹೋಗಿದ್ದ. ಮಾಲೀಕರು ತೂತಿಗೆ ಹಳೇ ಫ್ಲೆಕ್ಸ್ ಕಟ್ಟಿಸಿದರು. ಮಧ್ಯಾಹ್ನ ಎಂಟೂ ಬೋಲ್ಟು ಹಾಕಿ ಮತ್ತೆ ಗಾಳಿಯನ್ನೇ ತುಂಬಿದೆವು. ಸಂಜೆ ಸರ್ಟಿಫಿಕೇಟ್ ಬರೆದವನು ನಾನೇ: ಒತ್ತಡ 10, ಸಮಯ 30 ನಿಮಿಷ, ಲೀಕ್ ಇಲ್ಲ. ನೀರೋ ಗಾಳಿಯೋ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂ ಬರೆದದ್ದು ಒತ್ತಡ ಸುರಕ್ಷಿತ ಮಿತಿ ಮೀರದಿರಲೆಂದು. ಪರೀಕ್ಷೆಯಲ್ಲಾದರೋ ಕೆಲಸದ ಒತ್ತಡವನ್ನು ಬೇಕೆಂದೇ ಮೀರುತ್ತೇವೆ. ಪೈಪಿನ ಕೆಲಸಕ್ಕೆ ನಾವು ಅನುಸರಿಸುವ ಎಎಸ್‌ಎಂಇ ಬಿ31.3 ಸಂಹಿತೆ ನೀರಿಗೆ ವಿನ್ಯಾಸ ಒತ್ತಡದ ಒಂದೂವರೆ ಪಟ್ಟು ಎಂದರೆ, ಗಾಳಿಗೆ 1.1 ಪಟ್ಟಿನಿಂದ ಶುರು. ನೀರಿನ ಭಾರ ತಡೆಯದ, ತೇವ ಸೇರಲೇಬಾರದ ಲೈನುಗಳಿಗೆ ಗಾಳಿ ಅನಿವಾರ್ಯ, ಒಪ್ಪುತ್ತೇನೆ. ಆಗಲೂ ರಿಲೀಫ್ ವಾಲ್ವ್ ಇರಬೇಕು, ಒತ್ತಡ ಹಂತಹಂತವಾಗಿ ಏರಬೇಕು, ಏರುವಾಗ ಹತ್ತಿರ ಯಾರೂ ಇರಕೂಡದು.

ನಾನು ಕೇಳುವುದು ದೊಡ್ಡದಲ್ಲ. ಟೆಸ್ಟ್ ಸರ್ಟಿಫಿಕೇಟಿನಲ್ಲಿ ‘ನೀರು / ಗಾಳಿ’ ಎಂಬ ಒಂದು ಕಾಲಂ ಕಡ್ಡಾಯವಾಗಲಿ. ಗಾಳಿ ಎಂದು ಬರೆದರೆ, ಯಾಕೆ ನೀರು ಆಗಲಿಲ್ಲ, ಅನುಮತಿ ಕೊಟ್ಟ ಎಂಜಿನಿಯರ್ ಯಾರು ಎಂಬುದಕ್ಕೆ ಕೆಳಗೆ ಸಹಿ ಬೀಳಲಿ. ಈ ಒಂದು ಸುತ್ತೋಲೆಯನ್ನು, ಹೆಲ್ಪರ್ ಹುಡುಗರಿಗೆ ಓದಲು ಬರುವಂತೆ ಕನ್ನಡದಲ್ಲೇ, ದಯವಿಟ್ಟು ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪೈಪ್ ಫಿಟ್ಟರ್